ಬಾಜುಮನೆ ಅಕ್ಕನ ಬಿಳಿ ಅಂಗಿ

ಹೊಗೆಸೊಪ್ಪಿನ ವಾಸನೆ ಬಂದರೆ ಬೇರೆಯವರಿಗೆ ಹೊಲವೋ, ಅಜ್ಜನ ಬಾಯೋ ನೆನಪಾಗಬಹುದು. ನನಗೆ ಎಳೆಕೂಸಿನ ಬಟ್ಟೆ ನೆನಪಾಗುತ್ತದೆ. ಮೊನ್ನೆ ಮೊಮ್ಮಗನ ಹೆಂಡತಿ ತನ್ನ ಕೂಸಿಗೆ ಹಾಸಲು ಮೆತ್ತನೆಯ ಹಳೆ ಬಟ್ಟೆ ಬೇಕೆಂದು ನನ್ನ ಟ್ರಂಕಿನ ಮುಚ್ಚಳ ಎತ್ತಿದಳು. ಎತ್ತಿದವಳೇ ಮೂಗಿಗೆ ಸೆರಗು ಹಿಡಿದು, "ಅವ್ವಾ, ಇದರಾಗ ಬೀಡಿ ಯಾರು ಬಚ್ಚಿಟ್ಟಾರ?" ಎಂದಳು. ಬೀಡಿಯಲ್ಲ, ಹೊಗೆಸೊಪ್ಪಿನ ಕಡ್ಡಿ. ಬಟ್ಟೆಗೆ ಹುಳು ಹತ್ತಬಾರದೆಂದು ಪ್ರತಿ ವರ್ಷ ಹೊಸ ಕಡ್ಡಿ ಇಡುತ್ತೇನೆ. ಇದನ್ನು ನನಗೆ ಹೇಳಿಕೊಟ್ಟವಳು ಬಾಜುಮನೆ ಅಕ್ಕ. ಅವಳು ಹೇಳಿಕೊಟ್ಟಳೆಂಬ ಒಂದೇ ಕಾರಣಕ್ಕೆ ಎಷ್ಟೋ ಸಲ ಬಿಟ್ಟುಬಿಡೋಣ ಎನಿಸಿದೆ. ಆದರೆ ಹುಳುವಿಗೆ ನನ್ನ ಹೊಟ್ಟೆಕಿಚ್ಚು ಅರ್ಥವಾಗುವುದಿಲ್ಲವಲ್ಲ.

ಎಲ್ಲ ಬಟ್ಟೆಗಳ ತಳದಲ್ಲಿ ನನ್ನ ಮಗನ ಕುಂಚಿಗೆ ಇತ್ತು. ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಯುವ ಆ ಹೊದಿಕೆಯನ್ನು ಈಗಿನವರು ನೋಡಿರುವುದೇ ಕಡಿಮೆ. ಹುಡುಗಿ ಅದನ್ನು ಬೆಳಕಿಗೆ ಹಿಡಿದಳು.

ಆಗ ನಾವು ಆದೋನಿಯ ಹತ್ತಿ ಜಿನ್ನಿನ ಮಿಲ್ಲಿನ ಹಿಂದಿನ ಸಾಲುಮನೆಗಳಲ್ಲಿದ್ದೆವು. ಊರು ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿದ ಹೊಸತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಜಗಳಕ್ಕೆ ಎರಡೂ. ನಮ್ಮ ಮನೆಯವರು ಹತ್ತಿ ಬೀಜ ಬೇರ್ಪಡಿಸುವ ಯಂತ್ರದ ಮುಂದೆ ಕೆಲಸಕ್ಕಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ ಎಲ್ಲ ಹತ್ತಿಯ ನವಿರು ಅಂಟಿ ಬೆಳ್ಳಗಿರುತ್ತಿತ್ತು. ಸಾಲುಮನೆಗಳಿಗೆಲ್ಲ ಹಿತ್ತಲು ಒಂದೇ. ಎರಡೆರಡು ಮನೆಗಳ ನಡುವೆ ಗೋಡೆಯೂ ಒಂದೇ. ಆ ಗೋಡೆ ಎಷ್ಟು ತೆಳುವೆಂದರೆ ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು ಬರುತ್ತಿತ್ತು. ಏನಾದರೂ ಬೇಕಾದರೆ ಎದ್ದು ಹೋಗುವ ಕೆಲಸವಿರಲಿಲ್ಲ, ಗೋಡೆ ಬಡಿದು ಕೂಗಿದರೆ ಆಗುತ್ತಿತ್ತು.

ನಾನು ಕೋಸಗಿಯ ಹುಡುಗಿ. ನನ್ನ ತಾಯಿಯಿಂದ ಕೈಗೆ ಬಂದ ಕಸೂತಿ ಇತ್ತು. ಗಿಳಿ, ನವಿಲು, ತೇಲುವ ಹಂಸ, ಏನು ಹೇಳಿದರೂ ಬಣ್ಣದ ದಾರದಲ್ಲಿ ತೆಗೆಯುತ್ತಿದ್ದೆ. ಓಣಿಯ ಹೆಂಗಸರು ಕುಪ್ಪಸದ ಕಣ, ಕೂಸಿನ ಕುಲಾವಿ ಹಿಡಿದುಕೊಂಡು ನನ್ನ ಬಾಗಿಲಿಗೇ ಬರಬೇಕಿತ್ತು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ಆ ಓಣಿಗೆ ನಾನೇ ಕಸೂತಿಗಾತಿ. ನಾಲ್ಕು ಮಂದಿ ಹೊಗಳಿದರೆ ಯಾರಿಗೆ ಬೇಡ? ನನಗಂತೂ ಬೇಕಿತ್ತು.

ಅಷ್ಟರಲ್ಲಿ ಬಾಜುಮನೆಗೆ ಅವಳು ಬಂದಳು.

ಗಂಡ ಹೆಂಡತಿ ಇಬ್ಬರೇ. ಗಂಡ ಅದೇ ಜಿನ್ನಿನಲ್ಲಿ ಫಿಟ್ಟರು. ಮಿಷನ್ ಚರ್ಚಿನ ಮಂದಿ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು, ಹಾಗಾಗಿ ಮೊದಲ ದಿನದಿಂದಲೇ ಅಕ್ಕ ಎಂದೆ. ಮೆತ್ತಗಿನ ಮಾತು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು, ಯಾವಾಗಲೂ ನೀಲಿ ಹಾಕಿ ಒಗೆದ ಸೀರೆ. ಅವಳ ಗಂಡ ರಜೆಯ ದಿನ ಹಿತ್ತಲಲ್ಲಿ ನಿಂತು ಅವಳ ಜೊತೆ ಒದ್ದೆ ಸೀರೆಯ ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದ. ಗಂಡಸು ಸೀರೆ ಹಿಂಡುವುದನ್ನು ನಾನು ಅದೇ ಮೊದಲು ನೋಡಿದ್ದು. ಓಣಿಯವರು ನಕ್ಕರು, ನಾನೂ ನಕ್ಕೆ. ಆಮೇಲೆ ಒಳಗೆ ಬಂದು, ಊಟ ಮುಗಿಸಿ ಗೊರಕೆ ಹೊಡೆಯುತ್ತಿದ್ದ ನಮ್ಮ ಮನೆಯವರನ್ನು ನೋಡಿ ಮೈ ಉರಿಯಿತು. ಉರಿ ಶುರುವಾದದ್ದು ಅಲ್ಲಿಂದ ಎಂದರೂ ತಪ್ಪಿಲ್ಲ.

ನನ್ನ ಅತ್ತೆ ನಂದವರಂ ಕಡೆಯವಳು, ಬಾಯಿ ಜೋರು. ನನ್ನ ಕೈಯ ಕೆಲಸವನ್ನು ಒಂದು ದಿನ ಹೊಗಳಿದವಳಲ್ಲ. ಅಂಥವಳು ಅಕ್ಕ ಹೊಲಿದ ದಿಂಬಿನ ಚೀಲವೊಂದನ್ನು ಮುಟ್ಟಿ ಮುಟ್ಟಿ ನೋಡಿ, "ಏಂ ಪನಿತನಂ! ಎಂಥಾ ಕೈಕೆಲಸ! ಹಿಂದ ಯಾವದು ಮುಂದ ಯಾವದು ಗೊತ್ತ ಆಗವಲ್ದು" ಎಂದಳು. ನನ್ನ ಗಿಳಿಗಳ ಹಿಂಬದಿಯಲ್ಲಿ ದಾರದ ಗಂಟುಗಳು ಜೋತುಬೀಳುತ್ತಿದ್ದವು ಎಂಬುದು ಆ ಮಾತಿನ ಒಳಗೇ ಇತ್ತು. ಅವತ್ತು ಅನ್ನಕ್ಕೆ ನೀರು ಕಡಿಮೆಯಾಗಿ ತಳ ಹತ್ತಿತು.

ಆ ಬಿಳಿ ಅಂಗಿಯನ್ನು ನಾನು ಮೊದಲ ಸಲ ಕಂಡದ್ದು ಮಳೆಗಾಲ ಮುಗಿದ ಮೇಲಿನ ಒಂದು ಬೆಳಿಗ್ಗೆ. ಅಕ್ಕ ಹಿತ್ತಲಲ್ಲಿ ಹೊರಸು ಹಾಕಿ, ಅದರ ಮೇಲೆ ನೀಲಿ ಬಟ್ಟೆ ಹಾಸಿ, ಏನನ್ನೋ ಬಿಸಿಲಿಗೆ ಹರವಿದ್ದಳು. ನಾನು ನೀರು ತರುವ ನೆಪ ಮಾಡಿ ಹತ್ತಿರ ಹೋದೆ. ಕೂಸಿನ ಅಂಗಿ. ಆದರೆ ಉದ್ದ ನೋಡಿದರೆ ಬೆಳೆದ ಹುಡುಗಿಯ ಲಂಗ. ಕೂಸು ಗೇಣುದ್ದ, ಅಂಗಿ ಮಾರುದ್ದ. ಮೈತುಂಬ ಹೂಬಳ್ಳಿ. ಬಟ್ಟೆಯೂ ಬಿಳಿ, ದಾರವೂ ಬಿಳಿ.

"ಇದೇನಕ್ಕ, ಬಿಳಿ ಮ್ಯಾಲ ಬಿಳಿ? ಯಾರ ಕಣ್ಣಿಗೆ ಕಾಣಬೇಕು?" ಎಂದೆ. ಹೊಗಳಬಾರದೆಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ.

ಅವಳು ಅಂಗಿಯ ಎರಡು ಹೆಗಲು ಹಿಡಿದು ಸೂರ್ಯನಿಗೆ ಎದುರಾಗಿ ಎತ್ತಿದಳು. ಹೂವಿನ ಎಸಳಿದ್ದ ಕಡೆಯೆಲ್ಲ ಬಟ್ಟೆಯನ್ನು ಕತ್ತರಿಸಿ ತೆಗೆದಿದ್ದರು. ತೂತಿನ ಅಂಚನ್ನು ಕೂದಲೆಳೆಯಂಥ ದಾರದಿಂದ ಸುತ್ತಿ ಸುತ್ತಿ ಬಿಗಿದಿದ್ದರು. ಬಿಸಿಲು ಆ ತೂತುಗಳಲ್ಲಿ ಹಾದು ಬಂದು ಅವಳ ಎದೆ, ತೋಳು, ಗಲ್ಲದ ಮೇಲೆಲ್ಲ ಹೂವಾಗಿ ಬಿತ್ತು. ನಾನು ಬಿಂದಿಗೆ ಕೆಳಗಿಟ್ಟೆ. ನನ್ನ ಕಸೂತಿಯಲ್ಲಿ ಬಟ್ಟೆಯ ಮೇಲೆ ದಾರ ಹಾಕುವುದು ಗೊತ್ತಿತ್ತು, ತೆಗೆದು ಹೂವು ಮಾಡುವುದು ಗೊತ್ತಿರಲಿಲ್ಲ. ಅಷ್ಟು ವರ್ಷ ನಾನು ಹೊಲಿದ ನವಿಲುಗಳೆಲ್ಲ ಆ ಕ್ಷಣಕ್ಕೆ ಸಂತೆಯ ಬೊಂಬೆಗಳಾಗಿ ಕಂಡವು. ಆ ಹೊಟ್ಟೆಕಿಚ್ಚನ್ನು ನಾನು ಇವತ್ತಿಗೂ ಸಣ್ಣದು ಮಾಡಿ ಹೇಳಲಾರೆ.

ಅಕ್ಕ ಅವತ್ತು ಅಂಗಿಯ ಕಥೆ ಹೇಳಿದಳು. ಅವಳ ಗಂಡನ ಅಜ್ಜಿ ಧಾತು ಸಂವತ್ಸರದ ದೊಡ್ಡ ಬರದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು ಬಳ್ಳಾರಿಯ ಮಿಷನ್ ಮನೆಯಲ್ಲಿ ಬೆಳೆದವಳಂತೆ. ಅಲ್ಲಿಯ ದೊರೆಸಾನಿಯೊಬ್ಬಳು ಕಲಿಸಿದ ಹೊಲಿಗೆ ಇದು. ಆ ಅಜ್ಜಿ ತನ್ನ ಚೊಚ್ಚಲು ಕೂಸಿನ ಬಾಪ್ತಿಸ್ಮಕ್ಕೆಂದು ಈ ಅಂಗಿ ಹೊಲಿದಳು. ಅಂದಿನಿಂದ ಆ ಮನೆಯ ಪ್ರತಿ ಕೂಸಿಗೂ ಚರ್ಚಿನಲ್ಲಿ ಹೆಸರಿಡುವ ದಿನ ಇದೇ ಅಂಗಿ. ಒಂದೊಂದು ಕೂಸಿಗೆ ಅಂಗಿಯ ಕೆಳಗಿನ ಅಂಚಿನಲ್ಲಿ ಒಂದೊಂದು ಹೂವು ಸೇರಿಸುತ್ತಾ ಬಂದಿದ್ದರು. ಅಂಗಿ ಇರುವುದು ಹಿರಿಸೊಸೆಯ ಹತ್ತಿರ. ಅಕ್ಕ ಹಿರಿಸೊಸೆ.

ಅಂಚಿನ ಮೇಲೆ ಬೆರಳಿಟ್ಟು ಹೂವುಗಳನ್ನು ತೋರಿಸಿದಳು. ಇವನು ಗುಂತಕಲ್ಲಿನಲ್ಲಿ ರೈಲ್ವೆಯಲ್ಲಿದ್ದಾನೆ, ಇವಳು ಮದುವೆಯಾಗಿ ಹೋದಳು, ಇವನು ದೇವನಕೊಂಡದಲ್ಲಿ ಮೇಷ್ಟ್ರು, ಇವಳು ಮೈದುನನ ಮಗಳು, ಇನ್ನೂ ಹಲ್ಲು ಬಿದ್ದಿಲ್ಲ... ಎಲ್ಲರೂ ಇದ್ದರು. ಒಬ್ಬರೂ ತೀರಿಹೋಗಿರಲಿಲ್ಲ. ಸಾಲಿನ ನಡುವೆ ಒಂದು ಕಡೆ ಮಾತ್ರ ಹೂವಿರಲಿಲ್ಲ, ಎರಡು ಬೆರಳಗಲ ಬರಿಯ ಬಟ್ಟೆ. "ಇಲ್ಲಿ ಯಾಕ ಬಿಟ್ಟೀರಕ್ಕ?" ಎಂದು ಕೇಳಿದೆ. "ಇರ್ಲಿ ಬಿಡು" ಎಂದು ಅಂಗಿಯನ್ನು ಮಡಚಿ, ನೀಲಿ ಬಟ್ಟೆಯಲ್ಲಿ ಸುತ್ತಿ, ಹೊಗೆಸೊಪ್ಪಿನ ಕಡ್ಡಿ ಇಟ್ಟು ಒಳಗೆ ಒಯ್ದಳು.

ಎಲ್ಲರೂ ಇದ್ದರು ಎಂದೆನಲ್ಲ, ಅದೇ ನನ್ನನ್ನು ಕೊಂದದ್ದು. ನಾನು ಅಷ್ಟು ಹೊತ್ತಿಗೆ ಎರಡು ಕೂಸು ಕಳೆದುಕೊಂಡಿದ್ದೆ. ಒಂದು ತೊಟ್ಟಿಲ ಶಾಸ್ತ್ರವನ್ನೂ ಕಾಣಲಿಲ್ಲ. ಇನ್ನೊಂದು ಅಂಬೆಗಾಲಿಟ್ಟು, ನನ್ನ ಸೆರಗು ಹಿಡಿದು ನಿಲ್ಲುವುದನ್ನು ಕಲಿತ ಮೇಲೆ ಹೋಯಿತು. ಎರಡಕ್ಕೂ ನಾನೇ ಕುಲಾವಿ ಹೊಲಿದಿದ್ದೆ. ಹೋದ ಕೂಸಿನ ಬಟ್ಟೆ ಮನೆಯಲ್ಲಿ ಇಡಬಾರದೆಂದು ಅತ್ತೆ ಅವನ್ನು ಎಲ್ಲಿಗೋ ಒಯ್ದುಬಿಟ್ಟಳು. ಕೇಳುವ ಧೈರ್ಯ ನನಗಾಗಲಿಲ್ಲ... ಈಗಲೂ ಆ ಕುಲಾವಿಗಳ ಬಣ್ಣ ನೆನಪಿದೆ, ಮುಖಗಳು ಮಸುಕಾಗಿವೆ.

ಮುಂದಿನ ವರ್ಷ ನಾನು ಮತ್ತೆ ಬಸುರಿಯಾದೆ. ಸುದ್ದಿ ತಿಳಿದ ಮೇಲೆ ಅಕ್ಕ ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದಳು. ಹಿತ್ತಲಲ್ಲಿ ಎದುರಾದರೆ ನನ್ನ ಮುಖ ನೋಡಿ ಮಾತಾಡುತ್ತಿದ್ದಳು, ಕಣ್ಣು ಮಾತ್ರ ಕೆಳಗೆ ಇಳಿಸುತ್ತಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಅವಳ ಮಡಿಲು ಖಾಲಿ. ನನ್ನ ಹೊಟ್ಟೆ ಕಂಡು ಅವಳ ಹೊಟ್ಟೆ ಉರಿಯುತ್ತಿದೆ ಎಂಬುದು ನನಗೆ ಗೊತ್ತಾಯಿತು. ನಿಜ ಹೇಳುತ್ತೇನೆ, ಗೊತ್ತಾಗಿ ಸ್ವಲ್ಪ ಹಾಯೆನಿಸಿತು. ಅಂಗಿ ಅವಳಿಗೆ, ಬಸಿರು ನನಗೆ, ಅಲ್ಲಿಗೆ ನಾವಿಬ್ಬರೂ ಸಮ ಎನಿಸಿತು.

ಹುಟ್ಟಿದ ಕೂಸು ನಿಲ್ಲದ ಮನೆಯಲ್ಲಿ ನಮ್ಮ ಕಡೆ ಒಂದು ಪದ್ಧತಿ ಇದೆ. ಬರುವ ಕೂಸಿಗೆ ಹೊಸ ಬಟ್ಟೆ ಮುಟ್ಟಿಸಬಾರದು. ಬಸುರಿ ಮನೆ ಮನೆಗೆ ಹೋಗಿ ಸೆರಗೊಡ್ಡಿ ಹಳೆ ಬಟ್ಟೆಯ ತುಂಡು ಬೇಡಬೇಕು. ಕೊಡುವವರು ತಾವು ಬಳಸಿದ ಬಟ್ಟೆಯಿಂದ ತಮ್ಮ ಕೈಯಾರೆ ಕತ್ತರಿಸಿ ಕೊಡಬೇಕು. ಆ ತುಂಡುಗಳನ್ನು ಕೂಡಿಸಿ ಕುಂಚಿಗೆ ಹೊಲಿದು ಹೊದಿಸಿದರೆ, ಇದು ಯಾರೋ ಬೇಡಿ ತಂದ ಕೂಸು, ಈ ಮನೆಯದಲ್ಲ ಎಂದುಕೊಂಡು ಸಾವು ಮುಂದಿನ ಬಾಗಿಲಿಗೆ ಹೋಗುತ್ತದೆ ಎಂದು ನಂಬಿಕೆ. ಜಾತಿ, ಕುಲ ನೋಡುವಂತಿಲ್ಲ. ಮಕ್ಕಳಿರುವ ಮನೆಯೋ ಅಲ್ಲವೋ ಎಂಬುದನ್ನು ಮಾತ್ರ ನೋಡಬೇಕು.

ಅತ್ತೆ ನನ್ನನ್ನು ಕೂರಿಸಿಕೊಂಡು ಯಾವ ಯಾವ ಮನೆ ಎಂದು ಹೇಳಿದಳು. ಕೊನೆಗೆ ಗೋಡೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ಆ ಮನಿಗೆ ಮಾತ್ರ ಬ್ಯಾಡ. ಕೂಸಿಲ್ಲದಾಕಿ ಕೊಟ್ಟ ಅರಿಬಿ ಮಂಚಿದಿ ಕಾದು, ಛಲೋ ಅಲ್ಲ" ಎಂದಳು.

ತಲೆಯಾಡಿಸಿದೆ. ಹೋದ ಮನೆಗಳಲ್ಲೆಲ್ಲ ಕೊಟ್ಟರು. ಒಬ್ಬರು ಪಂಚೆಯ ಅಂಚು, ಒಬ್ಬರು ಸೀರೆಯ ಸೆರಗು, ಸಾಬರ ಓಣಿಯ ಮುದುಕಿಯೊಬ್ಬಳು ತನ್ನ ಬುರುಖಾದ ತುದಿಯನ್ನೇ ಕತ್ತರಿಸಿ ಕೊಟ್ಟು ಹರಸಿದಳು. ತುಂಡುಗಳು ಮಡಿಲು ತುಂಬಿದವು. ನನ್ನ ತಲೆಯೊಳಗೆ ಇದ್ದದ್ದು ಆ ಬಿಳಿ ಅಂಗಿ ಒಂದೇ. ಅದನ್ನು ಹಾಕಿಕೊಂಡ ಕೂಸುಗಳೆಲ್ಲ ಬದುಕಿದ್ದವಲ್ಲ! ಅಷ್ಟು ಜೀವ ಹಿಡಿದಿಟ್ಟ ಬಟ್ಟೆ, ನಡುವೆ ಒಂದು ತೆಳು ಗೋಡೆ ಇಟ್ಟುಕೊಂಡು, ಮಕ್ಕಳೇ ಇಲ್ಲದವಳ ಪೆಟ್ಟಿಗೆಯಲ್ಲಿ ಮಲಗಿತ್ತು. ಅವಳಿಗೆ ಯಾಕೆ, ನನಗೆ ಯಾಕಿಲ್ಲ ಎಂದು ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುವ ಗಾದೆ ಯಾರೋ ನನಗಾಗಿಯೇ ಕಟ್ಟಿದ ಹಾಗಿತ್ತು.

ಅತ್ತೆ ಸಂತೆಗೆ ಹೋದ ಒಂದು ದಿನ ಅವಳ ಬಾಗಿಲಿಗೆ ಹೋಗಿ ಸೆರಗೊಡ್ಡಿ ನಿಂತೆ. ಪದ್ಧತಿ ಅವಳಿಗೂ ಗೊತ್ತಿತ್ತು. ಒಲೆಯ ಮುಂದಿನಿಂದ ಎದ್ದು ತನ್ನ ಸೀರೆಯ ತುದಿಗೆ ಕೈ ಹಾಕಿದಳು.

"ಸೀರಿದು ಬ್ಯಾಡಕ್ಕ. ಆ ಬಿಳಿ ಅಂಗಿದು ಕೊಡು. ಚೂರೇ ಸಾಕು" ಎಂದೆ.

ಅವಳ ಕೈ ಅಲ್ಲೇ ನಿಂತಿತು. ಮೊದಲ ಸಲ ಅವಳ ಕಣ್ಣು ನನ್ನ ಹೊಟ್ಟೆಯ ಮೇಲೆ ಇಳಿಯಿತು. ಬಹಳ ಹೊತ್ತು ಅಲ್ಲೇ ಇತ್ತು. ಒಲೆಯ ಮೇಲೆ ಅನ್ನ ಉಕ್ಕಿ ಚುರ್ ಎಂದಿತು. "ನಾಳಿ ಬಾ" ಎಂದಳು.

ಮರುದಿನ ನಾನು ಹೋಗುವ ಮೊದಲೇ ಅವಳು ಹಿತ್ತಲಿಗೆ ಬಂದು ನೀಲಿ ಕಾಗದದ ಪೊಟ್ಟಣವೊಂದನ್ನು ನನ್ನ ಸೆರಗಿಗೆ ಹಾಕಿದಳು. ಒಳಗೆ ಬಂದು ಬಿಚ್ಚಿ ನೋಡಿದರೆ ಎರಡು ಬೆರಳಗಲದ ಬರಿಯ ಬಟ್ಟೆ. ಒಂದು ಎಳೆ ಕಸೂತಿಯಿಲ್ಲ. ಅಂಚೋ ನೆಟ್ಟಗಿಲ್ಲ, ವಂಕಿ ವಂಕಿ. ಎಂಥ ಜಿಪುಣಿ ನೋಡು, ಹೂವಿದ್ದ ಕಡೆ ಕತ್ತರಿ ಹಾಕಲು ಮನಸ್ಸು ಬರಲಿಲ್ಲ ಎಂದುಕೊಂಡೆ. ಕತ್ತರಿಯೂ ಮೊಂಡಿರಬೇಕು ಎಂದುಕೊಂಡು ವಂಕಿ ಅಂಚುಗಳನ್ನು ಒಳಗೆ ಮಡಚಿ, ಚೌಕ ಮಾಡಿ, ಕುಂಚಿಗೆಯ ಒಳಬದಿಯಲ್ಲಿ, ಕೂಸಿನ ಗಲ್ಲ ತಾಕುವ ಕಡೆ ಹೊಲಿದೆ. ಅತ್ತೆಯ ಕಣ್ಣಿಗೆ ಬೀಳಬಾರದಲ್ಲ. ಹೊರಬದಿಯಲ್ಲಿ ಬೇಡಿ ತಂದ ತುಂಡುಗಳ ಮೇಲೆಲ್ಲ ಹಸಿರು ಗಿಳಿ ಕೂರಿಸಿದೆ, ಕೆಂಪು ಕೊಕ್ಕಿನವು. ಈ ಸಲ ಹಿಂಬದಿಯ ಗಂಟುಗಳನ್ನೂ ಮುಚ್ಚಿದೆ. ಅವಳಿಗಿಂತ ಚೆಂದ ಮಾಡಬೇಕೆಂಬ ಹಟ ಅಷ್ಟಿತ್ತು.

ಮಗ ಹುಟ್ಟಿದ. ತೊಟ್ಟಿಲ ಶಾಸ್ತ್ರವೂ ಆಯಿತು. ಅಕ್ಕ ಬಂದು ದೂರ ನಿಂತು ನೋಡಿ, ಸಕ್ಕರೆ ತೆಗೆದುಕೊಂಡು ಹೋದಳು. ಕೂಸನ್ನು ಎತ್ತಿಕೊಳ್ಳಲಿಲ್ಲ. ಮಗನಿಗೆ ನನ್ನ ಗಿಳಿಗಳು ಬೇಕಿರಲಿಲ್ಲ. ಅಳುವಾಗ ಮುಖವನ್ನು ಕುಂಚಿಗೆಯ ಒಳಕ್ಕೆ ತಿರುವಿ, ಆ ಬಿಳಿ ತುಂಡನ್ನು ಹುಡುಕಿ, ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದ. ಮೆತ್ತಗಿರುವುದಕ್ಕೆ ಹಾಗೆ ಮಾಡುತ್ತಾನೆ, ಕೂಸಿಗೇನು ಗೊತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೂ ಕಷ್ಟಪಟ್ಟು ಕೂರಿಸಿದ ಗಿಳಿಗಳ ಕಡೆ ಒಂದು ಸಲವಾದರೂ ನೋಡಬಾರದೆ?

ಆ ಚಳಿಗಾಲದಲ್ಲಿ ಅಕ್ಕನ ಮೈದುನನ ಕೂಸಿಗೆ ಆದೋನಿಯ ಚರ್ಚಿನಲ್ಲೇ ಬಾಪ್ತಿಸ್ಮವಿತ್ತು. ಓಣಿಯ ಹೆಂಗಸರನ್ನೆಲ್ಲ ಕರೆದಿದ್ದರು. ಮಗನಿಗೆ ಕುಂಚಿಗೆ ಹೊದಿಸಿ ಎತ್ತಿಕೊಂಡು ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅಕ್ಕನ ನೆಗೆಣ್ಣಿ, ಅಂದರೆ ಆ ಮೈದುನನ ಹೆಂಡತಿ, ಕೂಸಿಗೆ ಬಿಳಿ ಅಂಗಿ ಹಾಕಿ ತಂದಳು. ಅಂಗಿ ಅವಳ ಮೊಣಕಾಲಿನ ತನಕ ಇಳಿದಿತ್ತು. ನನಗೆ ಪಾದ್ರಿ ಅಯ್ಯಗಾರು ಓದಿದ್ದೂ ಕೇಳಿಸಲಿಲ್ಲ, ನೀರು ಹಾಕಿದ್ದೂ ಕಾಣಲಿಲ್ಲ. ಅಂಚಿನಲ್ಲಿ ಕತ್ತರಿಸಿದ ಜಾಗವನ್ನೇ ಹುಡುಕುತ್ತಿದ್ದೆ. ಎಲ್ಲೂ ಹರಿದಿರಲಿಲ್ಲ, ತೇಪೆಯಿರಲಿಲ್ಲ. ಮೋಸ ಮಾಡಿದ್ದಾಳೆ, ಯಾವುದೋ ಚಿಂದಿ ಕೊಟ್ಟು ಅಂಗಿಯದೆಂದು ನಂಬಿಸಿದ್ದಾಳೆ ಎಂದು ರಕ್ತ ಕುದಿಯಿತು.

ಮುಗಿದ ಮೇಲೆ ಅಂಗಳದಲ್ಲಿ ಎಲ್ಲರಿಗೂ ಬನ್ನು, ಚಹಾ ಕೊಟ್ಟರು. ನಾನು ಕೂಸನ್ನು ನೋಡುವ ನೆಪದಲ್ಲಿ ನೆಗೆಣ್ಣಿಯ ಹತ್ತಿರ ಹೋಗಿ ಅಂಗಿಯ ಅಂಚನ್ನು ಕೈಗೆ ತೆಗೆದುಕೊಂಡೆ. ಸಾಲಿನ ನಡುವಿನ ಖಾಲಿ ಜಾಗ ಖಾಲಿಯಿರಲಿಲ್ಲ. ಅಲ್ಲಿ ಒಂದು ಹೂವಿತ್ತು. ಉಳಿದ ಹೂವುಗಳಂತೆ ಸಣ್ಣ ಸಣ್ಣ ತೂತಿನದಲ್ಲ. ಇಡೀ ಹೂವನ್ನೇ ಬಟ್ಟೆಯಿಂದ ಕತ್ತರಿಸಿ ತೆಗೆದು, ವಂಕಿ ವಂಕಿಯಾದ ಎಸಳುಗಳ ಅಂಚನ್ನು ದಾರದಿಂದ ಸುತ್ತಿ, ನಡುವೆ ನಾಲ್ಕೆಂಟು ಎಳೆ ಎಳೆದು ನಿಲ್ಲಿಸಿದ ಹೂವು. ಉಳಿದದ್ದೆಲ್ಲ ಗಾಳಿ. ನನ್ನ ಮಗನ ಗಲ್ಲದ ಹತ್ತಿರವಿದ್ದ ತುಂಡಿನ ವಂಕಿ ಅಂಚು ಕಣ್ಣ ಮುಂದೆ ಬಂತು. ಕತ್ತರಿ ಮೊಂಡಿರಲಿಲ್ಲ. ಆ ಎಸಳುಗಳನ್ನು ನಾನೇ ಒಳಗೆ ಮಡಚಿ ಚೌಕ ಮಾಡಿದ್ದೆ.

ನೆಗೆಣ್ಣಿ ನನ್ನ ಬೆರಳು ಎಲ್ಲಿದೆ ಎಂದು ನೋಡಿದಳು. "ನೀವೂ ನೋಡಿದ್ರೇನು? ಅದು ಅಕ್ಕನ ಕೂಸಿಗಂತ ನಮ್ಮತ್ತಿ ಸಾಯೂಕಿಂತ ಮೊದ್ಲ ಬಿಟ್ಟಿದ್ದ ಜಾಗ. ಹಿರಿ ಮಗನ ಕೂಸು ಬಂದ ಮ್ಯಾಲ ಹಾಕೂದು ಅಂತ. ಈಗ ಕೂಸು ಇಲ್ಲ, ಹೂವು ಬಂದೈತಿ. ತನಗ ತಾನ ಹಾಕ್ಕೊಂಡಾಳ" ಎಂದು ತುಟಿ ಓರೆ ಮಾಡಿ ನಕ್ಕಳು. ಪಕ್ಕದಲ್ಲಿದ್ದವರೂ ನಕ್ಕರು. ಅಕ್ಕ ಚಹಾದ ಕಿಟಲಿ ಹಿಡಿದುಕೊಂಡು ನಮ್ಮ ಹಿಂದೆಯೇ ಇದ್ದಳು. ಕೇಳಿಸಿತ್ತು. ಮುಂದಿನವರ ಲೋಟಕ್ಕೆ ಚಹಾ ಬಗ್ಗಿಸಿದಳು.

ನನಗೆ ಅವಳ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ, ಭಯವಾಯಿತು. ಬದುಕಿದ ಕೂಸುಗಳ ಅಂಗಿ ಕೇಳಿದರೆ ಇವಳು ಬಾರದ ಕೂಸಿನ ಜಾಗ ಕತ್ತರಿಸಿ ಕೊಟ್ಟಿದ್ದಾಳೆ. ನನ್ನ ಮಗ ಅದನ್ನೇ ಬಾಯಲ್ಲಿಟ್ಟುಕೊಂಡು ಮಲಗುತ್ತಿದ್ದಾನೆ. ಅತ್ತೆ ಹೇಳಿದ್ದು ಸುಳ್ಳಾಗಲಿಲ್ಲ. ಹೊಟ್ಟೆಕಿಚ್ಚಿಗೆ ಕೊಟ್ಟಿದ್ದಾಳೆ ಎಂದೇ ನಂಬಿದೆ. ನನ್ನ ಹೊಟ್ಟೆಯಲ್ಲಿ ಅಷ್ಟು ಕಿಚ್ಚಿದ್ದಾಗ ಅವಳದು ತಣ್ಣಗಿರಲು ಹೇಗೆ ಸಾಧ್ಯ?

ಸಂಜೆ ಹಿತ್ತಲಲ್ಲಿ ಅವಳು ಅಂಗಿಯನ್ನು ತೊಳೆದು ನೆರಳಿಗೆ ಹಾಕುತ್ತಿದ್ದಳು. ನಾನು ನೇರ ಹೋಗಿ ಎದುರು ನಿಂತೆ. "ಅಷ್ಟು ಉದ್ದನ ಅಂಗಿ ಇತ್ತಲ್ಲಕ್ಕ. ಅದೇ ಜಾಗ ಯಾಕ ಕೊಟ್ಟಿ? ಕೂಸಿಲ್ಲದ ಜಾಗ ನನ್ನ ಕೂಸಿನ ತಲಿಗಿ ಕಟ್ಟಿದ್ಯಲ್ಲ" ಎಂದೆ.

ಅವಳು ಅಂಗಿಯ ತೋಳು ನೇರ ಮಾಡುತ್ತಲೇ ಇದ್ದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು. "ಉಳಿದದ್ದೆಲ್ಲಾ ಆ ಮನಿ ಕೂಸುಗಳದು, ತಂಗಿ. ನನ್ನ ಹತ್ರ ಇಡಾಕ ಕೊಟ್ಟಾರ, ಅಷ್ಟ. ಅದರಾಗ ನಂದು ಅಂತ ಇದ್ದದ್ದು ಅದೊಂದು ಜಾಗ. ನಂದಲ್ಲದ್ದು ನಾ ಹೆಂಗ ಕತ್ತರಿಸಿ ಕೊಡ್ಲಿ?"

ಅಂಗಿಯ ಇನ್ನೊಂದು ತೋಳನ್ನೂ ನೇರ ಮಾಡಿದಳು.

"ಪರವಾಲೇದು. ಮನಸಿಗೆ ಬರದಿದ್ರ ಬಿಚ್ಚಿ ವಾಪಸ ಕೊಡು" ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬಿಚ್ಚಿಬಿಡಬೇಕೆಂದೇ ಒಳಗೆ ಬಂದು ಕತ್ತರಿ ತೆಗೆದುಕೊಂಡೆ. ಮಗ ಮಲಗಿದ್ದ. ಬಿಳಿ ತುಂಡು ಬಾಯಲ್ಲಿತ್ತು, ಒದ್ದೆಯಾಗಿ ಗಲ್ಲಕ್ಕೆ ಅಂಟಿತ್ತು. ಎಳೆದರೆ ಎಚ್ಚರವಾಗುತ್ತಾನೆ, ಎದ್ದ ಮೇಲೆ ಬಿಚ್ಚಿದರಾಯಿತು ಎಂದು ಕತ್ತರಿಯನ್ನು ಗೋಡೆಯ ಗೂಡಿನಲ್ಲಿಟ್ಟೆ. ಎದ್ದ. ಹಾಲು ಕುಡಿದ. ಮತ್ತೆ ಅದನ್ನೇ ಹುಡುಕಿದ. ನಾಳೆ ಎಂದುಕೊಂಡೆ. ಹೀಗೆ ನಾಳೆ ನಾಳೆ ಎನ್ನುತ್ತಲೇ ಮಗನಿಗೆ ಹಲ್ಲು ಬಂದವು, ಅಂಬೆಗಾಲಿಟ್ಟ, ನನ್ನ ಸೆರಗು ಹಿಡಿದು ಎದ್ದು ನಿಂತ. ಆ ದಿನ ನಾನು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆ. ಅವನು ಸೆರಗು ಬಿಟ್ಟು, ಹೆಜ್ಜೆ ಹಾಕಿ, ಬಿದ್ದು, ಅತ್ತ. ನಾನೂ ಅತ್ತೆ.

ಆ ಹೆಜ್ಜೆ ಮುಂದೆ ಎಲ್ಲಿಗೆ ಹೋಯಿತು ಎನ್ನುತ್ತೀರಿ? ಬಾಜುಮನೆಯ ಹೊಸ್ತಿಲಿಗೆ. ಮೊದಮೊದಲು ಅಕ್ಕ ಅವನನ್ನು ಎತ್ತಿಕೊಳ್ಳುತ್ತಿರಲಿಲ್ಲ, ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಆಮೇಲೆ ಎತ್ತಿಕೊಂಡಳು. ಆಮೇಲೆ ಇಳಿಸುವುದನ್ನೇ ಬಿಟ್ಟಳು. ಗೋಡೆಯಾಚೆ ಅವನು ನಕ್ಕರೆ ಈಚೆ ನನಗೆ ಕೇಳಿಸುತ್ತಿತ್ತು. ಮೊದಲ ಹೊಟ್ಟೆಕಿಚ್ಚು ಕೈಯ ಕೆಲಸಕ್ಕೆ, ಎರಡನೆಯದು ಅಂಗಿಗೆ, ಇದು ಎಲ್ಲಕ್ಕಿಂತ ಜೋರು. ಗೋಡೆ ಬಡಿದು, "ಸಾಕು ಕಳಿಸಕ್ಕ, ಉಣ್ಣೋ ಹೊತ್ತಾತು" ಎಂದು ಕೂಗುತ್ತಿದ್ದೆ. "ಉಂಡಾನ" ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು. ನನ್ನ ಮಗನಿಗೆ ನಾನು ಮಾಡಿದ್ದ ಸಾರು ಹಾಗೇ ತಣ್ಣಗಾಗುತ್ತಿತ್ತು. ಅತ್ತೆ ಒಂದು ಮಾತೂ ಆಡುತ್ತಿರಲಿಲ್ಲ. ಕೂಸು ಉಳಿದಿತ್ತಲ್ಲ, ಅವಳಿಗೆ ಅಷ್ಟು ಸಾಕಿತ್ತು.

ಮಗ ಶಾಲೆಗೆ ಸೇರುವ ಮೊದಲೇ ಅವಳ ಗಂಡನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಊರು ಬಿಟ್ಟರು. ಹೋಗುವ ದಿನ ಬಿಳಿ ಅಂಗಿಯನ್ನು ನೆಗೆಣ್ಣಿಯ ಮನೆಗೆ ಕೊಟ್ಟು ಬಂದಳಂತೆ. ನನಗೆ ಒಂದು ಕಟ್ಟು ಹೊಗೆಸೊಪ್ಪಿನ ಕಡ್ಡಿ ಕೊಟ್ಟಳು. ಜಟಕಾ ಓಣಿ ದಾಟುವ ತನಕ ಮಗ ಅತ್ತ. ನನಗೆ ಸಮಾಧಾನವಾಗಬೇಕಿತ್ತು... ಆ ಗೋಡೆಯಾಚೆ ಬೇರೆ ಯಾರೋ ಬಂದರು, ಅವರ ಒಗ್ಗರಣೆಗೂ ಸೀನು ಬಂತು. ಆದರೂ ಬಹಳ ದಿನ ಕಿವಿ ಆ ಕಡೆಯೇ ಇರುತ್ತಿತ್ತು. ಅವಳು ತೀರಿಕೊಂಡ ಸುದ್ದಿ ಯಾರೋ ಸಂತೆಯಲ್ಲಿ ಹೇಳಿದರು, ಆಗಿ ಎಷ್ಟೋ ವರ್ಷದ ಮೇಲೆ. ಎಲ್ಲಿ, ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಅಂಗಿ ಏನಾಯಿತೋ... ಕೇಳಲು ನೆಗೆಣ್ಣಿಯೂ ಉಳಿದಿರಲಿಲ್ಲ.

ಮೊನ್ನೆ ಮೊಮ್ಮಗನ ಹೆಂಡತಿ ಕುಂಚಿಗೆಯನ್ನು ಬೆಳಕಿಗೆ ಹಿಡಿದಳು ಎಂದೆನಲ್ಲ. ನನ್ನ ಗಿಳಿಗಳ ಹಸಿರು ಕಂದಿ ಹೋಗಿತ್ತು, ಕೊಕ್ಕಿನ ಕೆಂಪು ಹರಡಿ ಕಲೆಯಾಗಿತ್ತು. ಒಳಬದಿಯಲ್ಲಿ ನಾನು ಹಾಕಿದ್ದ ಹೊಲಿಗೆ ಜೀರ್ಣವಾಗಿ ಬಿಟ್ಟುಕೊಂಡು, ಮಡಚಿದ್ದ ಅಂಚುಗಳು ಹೊರಗೆ ಬಂದಿದ್ದವು. "ಅವ್ವಾ, ಇಲ್ಲಿ ನೋಡ್ರಿ, ಹೂವಿನಂಗ ಕತ್ತರಿಸ್ಯಾರ. ಎಷ್ಟ ಚೆಂದ ಐತಿ. ನೀವ ಮಾಡಿದ್ದೇನು?" ಎಂದಳು.

ಹೌದು ಎನ್ನಬಹುದಿತ್ತು. ಸುಳ್ಳು ಎನ್ನಲು ಯಾರೂ ಉಳಿದಿರಲಿಲ್ಲ. "ಅಲ್ಲ, ಬಾಜುಮನಿ ಅಕ್ಕ ಮಾಡಿದ್ದು" ಎಂದೆ.

ಅಷ್ಟರಲ್ಲಿ ಮಗ 'ಏನದು' ಎಂದು ಬಂದು ಹತ್ತಿರ ಕೂತ. ಅವನಿಗೂ ಈಗ ತಲೆ ಬೆಳ್ಳಗಾಗಿದೆ. ಅಕ್ಕನ ಮುಖ ಅವನಿಗೆ ನೆನಪಿಲ್ಲ, ಎಷ್ಟೋ ಸಲ ಕೇಳಿ ನೋಡಿದ್ದೇನೆ. ಕುಂಚಿಗೆಯನ್ನು ಸೊಸೆಯ ಕೈಯಿಂದ ತೆಗೆದುಕೊಂಡು ತೊಡೆಯ ಮೇಲೆ ಹಾಕಿಕೊಂಡ. ಗಿಳಿಗಳನ್ನು ನೋಡಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಅವನ ಹೆಬ್ಬೆರಳು ತಾನಾಗಿ ಒಳಬದಿಗೆ ಹೋಗಿ, ಆ ಬಿಳಿ ತುಂಡನ್ನು ಹುಡುಕಿ, ಮೆಲ್ಲಗೆ ಉಜ್ಜತೊಡಗಿತು.

ಹೆತ್ತವಳು ನಾನು. ಎದುರಿಗೇ ಕೂತಿದ್ದೇನೆ. ಹಳೆಯ ಕಿಚ್ಚು ಒಮ್ಮೆಲೇ ಭಗ್ಗೆಂದು ಎದ್ದಿತು. ಗೋಡೆ ಬಡಿದು, ಸಾಕು ಕಳಿಸಕ್ಕ ಎಂದು ಕೂಗೋಣವೆಂದು ಕೈ ಎತ್ತಿದೆ... ಈ ಮನೆಯ ಗೋಡೆಯಾಚೆ ರಸ್ತೆ ಇದೆ.